ಹೆಂಡ್ತಿಗೆ ಕೆಲ್ಸ ಸಿಕ್ಕಿದೆ, ನನ್ನ ಅಂಗವಿಕಲ ಪಿಂಚಣಿ ನಿಂತೋಗುತ್ತಾ?

ತೋಟದಮನೆ_ಗಾಲಿಕುರ್ಚಿ

ಎಲ್ರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯವ್ನು. ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಲ್ಲಿ ಶೇಕಡಾ 85 ಅಂತ ಇದೆ. ತಿಂಗಳಿಗೆ 1400 ರೂಪಾಯಿ ಅಂಗವಿಕಲ ವೇತನ ಬರ್ತಿದೆ, ಬಿಪಿಎಲ್ ಕಾರ್ಡ್ ಇದೆ, ಮನೆಯವ್ಳ ಹೆಸರಿಗೆ ಗೃಹಲಕ್ಷ್ಮಿ ಬರುತ್ತೆ. ಇಷ್ಟು ದಿನ ಅವ್ಳು ಮನೆಯಲ್ಲೇ ಟೈಲರಿಂಗ್ ಮಾಡ್ತಿದ್ಲು, ಅದಕ್ಕೆ ಲೆಕ್ಕಪತ್ರ ಅಂತ ಏನೂ ಇರ್ಲಿಲ್ಲ. ಈಗ ಒಂದು ಗಾರ್ಮೆಂಟ್ಸ್‌ನಲ್ಲಿ ಚೆಕ್ಕಿಂಗ್ ಸೆಕ್ಷನ್ನಿಗೆ ಕರೆದಿದಾರೆ, ತಿಂಗಳಿಗೆ 13,500, ಪಿಎಫ್ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಎಲ್ಲಾ ಇದೆ ಅಂತ ಹೇಳವ್ರೆ.

ನನ್ನ ಪ್ರಶ್ನೆ ಏನಪ್ಪಾ ಅಂದ್ರೆ ಅವ್ಳು ಕೆಲ್ಸಕ್ಕೆ ಸೇರಿದ್ರೆ ನನ್ನ ಪಿಂಚಣಿ ಕಟ್ ಆಗುತ್ತಾ? ಪಿಂಚಣಿ ಇರೋದು ನನ್ನ ಹೆಸರಲ್ಲಿ, ಸಂಬಳ ಅವ್ಳ ಹೆಸರಲ್ಲಿ, ನನಗಂತೂ ಒಂದು ರೂಪಾಯಿ ಆದಾಯ ಇಲ್ಲ. ಊರಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ, ಒಬ್ರು ಏನೂ ಆಗಲ್ಲ ಅಂತಾರೆ, ಇನ್ನೊಬ್ರು ಕಾರ್ಡು, ಪಿಂಚಣಿ, ಗೃಹಲಕ್ಷ್ಮಿ ಎಲ್ಲಾ ಒಂದೇ ಸಲ ಹೋಗುತ್ತೆ ಅಂತ ಹೆದರಿಸ್ತಾರೆ. ಅವ್ಳು ಸೋಮವಾರ ಸೇರ್ಬೇಕು. ಗೊತ್ತಿರೋರು ದಯವಿಟ್ಟು ಹೇಳಿ.

ಸುಮ್ನಿರಿ_ಸ್ವಾಮಿ

ಅಣ್ಣಾ ತಲೆ ಕೆಡಿಸ್ಕೋಬೇಡ. 1400 ರೂಪಾಯಿಗೆ ಯಾವ ಆಫೀಸರು ಬಂದು ನಿಮ್ಮನೇಲಿ ಯಾರು ಎಲ್ಲಿ ಕೆಲ್ಸ ಮಾಡ್ತಾರೆ ಅಂತ ನೋಡ್ತಾನೆ. ಕಾರಿಟ್ಕೊಂಡೋರೇ ಬಿಪಿಎಲ್ ಅಕ್ಕಿ ತಿಂತಾವ್ರೆ. ಬಾಯಿ ಮುಚ್ಕೊಂಡು ಸೇರಿಸು, ಯಾರಿಗೂ ಹೇಳೋಕೆ ಹೋಗ್ಬೇಡ. ಬೇಕಾದ್ರೆ ಫ್ಯಾಕ್ಟರಿಯವ್ರಿಗೆ ಪಿಎಫ್ ಇಎಸ್‌ಐ ಬೇಡ, ಸಂಬಳ ಕೈಗೆ ಕೊಟ್ಬಿಡಿ ಅಂತ ಕೇಳಿ ನೋಡು, ಆಗ ದಾಖಲೆಯೇ ಇರಲ್ಲ.

ವಿಆರ್‌ಡಬ್ಲ್ಯೂ_ಅಕ್ಕ

ಮೇಲಿನವ್ರು ಹೇಳಿದ್ದನ್ನ ದಯವಿಟ್ಟು ಕೇಳ್ಬೇಡಿ, ಯಾಕೆ ಅಂತ ಹೇಳ್ತೀನಿ. ನಾನು ಒಂದು ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ, ಇಂಥ ಪ್ರಶ್ನೆ ದಿನಾ ಬರುತ್ತೆ.

ಮೊದಲು ನೇರ ಉತ್ತರ. ಅಂಗವಿಕಲ ವೇತನಕ್ಕೆ ನೋಡೋದು ನಿಮ್ಮೊಬ್ಬರ ಆದಾಯ ಅಲ್ಲ, ಕುಟುಂಬದ ವಾರ್ಷಿಕ ಆದಾಯ. ಅದರ ಮಿತಿ 32,000 ರೂಪಾಯಿ. ತಿಂಗಳಿಗೆ ಅಲ್ಲ, ವರ್ಷಕ್ಕೆ! ಹನ್ನೆರಡರಿಂದ ಭಾಗಿಸಿ ನೋಡಿ, ತಿಂಗಳಿಗೆ 2,700 ಕೂಡ ಬರಲ್ಲ. ನಿಮ್ಮ ಮನೆಯವ್ರ ಸಂಬಳ ವರ್ಷಕ್ಕೆ 1,62,000 ಆಗುತ್ತೆ. ಹಂಗಾಗಿ ನಿಯಮದ ಪ್ರಕಾರ ಹೇಳೋದಾದ್ರೆ ಹೌದು, ಅವ್ರು ಸೇರಿದ್ಮೇಲೆ ನೀವು ಪಿಂಚಣಿಗೆ ಅರ್ಹರಾಗಿ ಉಳಿಯಲ್ಲ. ಈ ಕೆಲ್ಸ ಅಂತಲ್ಲ, ಮನೆಯಲ್ಲಿ ಯಾರಿಗೆ ಯಾವ ಖಾಯಂ ಸಂಬಳದ ಕೆಲ್ಸ ಸಿಕ್ರೂ 32,000 ದಾಟೇ ದಾಟುತ್ತೆ. ಸಂಬಳ ಸ್ವಲ್ಪ ಕಮ್ಮಿ ತೋರಿಸಿದ್ರೆ ಉಳಿಯುತ್ತಾ ಅಂತ ಕೆಲವ್ರು ಕೇಳ್ತಾರೆ, ಈ ಮಿತಿಗೆ ಅದರಿಂದ ಏನೂ ಪ್ರಯೋಜನ ಇಲ್ಲ.

ಆದ್ರೆ ನೀವು ಹೆದರಬೇಕಾಗಿರೋದು ಪಿಂಚಣಿಗಲ್ಲ, ಬಿಪಿಎಲ್ ಕಾರ್ಡಿಗೆ. ಕಾರ್ಡಿಗೆ ಆದಾಯದ ಮಿತಿ ವರ್ಷಕ್ಕೆ 1,20,000, ಅಂದ್ರೆ ತಿಂಗಳಿಗೆ ಹತ್ತು ಸಾವಿರ. ಅದನ್ನೂ ನೀವು ದಾಟ್ತೀರಿ. ಕಾರ್ಡ್ ಹೋದ್ರೆ ಅಕ್ಕಿ ಒಂದೇ ಅಲ್ಲ ಹೋಗೋದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ, ಎಪಿಎಲ್ ಆದ್ರೆ ಸರ್ಕಾರ ಕೊಡೋದು ಪ್ಯಾಕೇಜ್ ದರದಲ್ಲಿ ಶೇಕಡಾ 30 ಮಾತ್ರ, ಅದೂ ಕುಟುಂಬಕ್ಕೆ 1.5 ಲಕ್ಷದ ಒಳಗೆ. ಬೆನ್ನುಹುರಿ ಪೆಟ್ಟಾಗಿರೋ ನಿಮ್ಮಂಥವ್ರಿಗೆ ಒಂದ್ಸಲ ಬೆಡ್‌ಸೋರ್ (ಒಂದೇ ಕಡೆ ಒತ್ತಿ ಆಗೋ ಹುಣ್ಣು) ಆಗಿ ಆಪರೇಶನ್‌ಗೆ ಹೋದ್ರೆ ಆ ವ್ಯತ್ಯಾಸ ಎಷ್ಟು ಅಂತ ಗೊತ್ತಾಗುತ್ತೆ. 1400ರ ಚಿಂತೆಯಲ್ಲಿ ಜನ ಇದನ್ನ ನೋಡೋದೇ ಇಲ್ಲ.

ಗೃಹಲಕ್ಷ್ಮಿ ವಿಷ್ಯ ಬೇರೆ. ಅದಕ್ಕೆ ಎಪಿಎಲ್ ಕಾರ್ಡಿನ ಯಜಮಾನಿಯೂ ಅರ್ಹಳೇ. ಯಜಮಾನಿ ಅಥವಾ ಅವ್ರ ಗಂಡ ಆದಾಯ ತೆರಿಗೆ ಕಟ್ಟೋರು ಆಗಿರಬಾರ್ದು, ಜಿಎಸ್‌ಟಿ ರಿಟರ್ನ್ ಹಾಕೋರು ಆಗಿರಬಾರ್ದು, ಅಷ್ಟೇ. 13,500 ಸಂಬಳಕ್ಕೆ ತೆರಿಗೆ ಬರೋ ಮಾತೇ ಇಲ್ಲ, ಸೋ ಆ 2000 ನಿಲ್ಲೋಕೆ ಈ ಕೆಲ್ಸ ಕಾರಣ ಆಗಲ್ಲ. ಊರಲ್ಲಿ ಎಲ್ಲಾ ಒಟ್ಟಿಗೆ ಹೋಗುತ್ತೆ ಅಂದವ್ರು ಮೂರನ್ನೂ ಕಲಸಿ ಹೇಳವ್ರೆ.

ಆದಾಯಕ್ಕೂ ಇದಕ್ಕೂ ಸಂಬಂಧವೇ ಇಲ್ಲದ್ದು ಕೂಡ ಇದೆ. ನಿಮ್ಮ ಯುಡಿಐಡಿ ಕಾರ್ಡು, ರೈಲಿನ ರಿಯಾಯ್ತಿ (ಜೊತೆಗೆ ಬರೋರಿಗೂ ಸಿಗುತ್ತೆ), ಕೆಎಸ್‌ಆರ್‌ಟಿಸಿ ಅಂಗವಿಕಲರ ಪಾಸು, ಇವು ಮನೆಯವ್ರಿಗೆ ಕೆಲ್ಸ ಸಿಕ್ತು ಅಂತ ಹೋಗಲ್ಲ. ಪಂಚಾಯ್ತಿಯಲ್ಲಿ ಅಂಗವಿಕಲರಿಗೆ ಅಂತ ಶೇಕಡಾ 5ರ ಅನುದಾನ ಎತ್ತಿಡ್ತಾರೆ, ನಿಮ್ಮೂರಲ್ಲಿ ಅದನ್ನ ಯಾತಕ್ಕೆ ಖರ್ಚು ಮಾಡ್ತಿದಾರೆ ಅಂತ ಗ್ರಾಮಸಭೆಯಲ್ಲಿ ಕೇಳಿ, ಜನ ಕೇಳಲ್ಲ ಅಂತಲೇ ಅದು ಎಲ್ಲೆಲ್ಲೋ ಹೋಗೋದು.

ಇನ್ನು ಮುಚ್ಚಿಡೋ ವಿಷ್ಯ. ಮುಂಚೆ ಆಗ್ತಿತ್ತೇನೋ. ಈಗ ರೇಷನ್ ಕಾರ್ಡು, ಆಧಾರು, ಪಿಂಚಣಿ ಎಲ್ಲಾ "ಕುಟುಂಬ" ಅನ್ನೋ ಒಂದೇ ಡೇಟಾಬೇಸಲ್ಲಿ ಸೇರ್ಕೊಂಡಿದೆ. ಪಿಎಫ್ ಖಾತೆಗೂ ಆಧಾರ್ ಲಿಂಕ್ ಇರುತ್ತೆ. ಹೋಲಿಸಿ ನೋಡ್ಬೇಕು ಅಂದ್ರೆ ಯಾರೂ ಮನೆ ಬಾಗ್ಲಿಗೆ ಬರೋದು ಬೇಕಾಗಿಲ್ಲ. ಹಂಗೆ ಹೋಲಿಸಿ ತೆಗೆದ ಪಟ್ಟಿ ಬಂದ ದಿನ ಗ್ರಾಮ ಆಡಳಿತ ಅಧಿಕಾರಿ ನಿಮ್ಮನ್ನೇ ಕೇಳೋದು.

ಬಿಳಿಕೋಲು

ಅಕ್ಕ ಹೇಳಿದ್ದು ಸರಿ. ನನಗೆ ಎರಡೂ ಕಣ್ಣು ಕಾಣಲ್ಲ, ನಮ್ಮೆಜಮಾನ್ರಿಗೆ ಸರ್ಕಾರಿ ನೌಕರಿ ಖಾಯಂ ಆದಾಗ ಕಾರ್ಡು ಪಿಂಚಣಿ ಎರಡೂ ಹೋಯ್ತು. ಸರ್ಕಾರಿ ನೌಕರಿ ಅಂದ್ರೆ ಸಂಬಳ ಎಷ್ಟು ಅಂತಾನೂ ಕೇಳಲ್ಲ ಬಿಡಿ, ಬಿಪಿಎಲ್ ಇಟ್ಕೊಳ್ಳೋ ಹಂಗೇ ಇಲ್ಲ. 2024ರ ನವೆಂಬರಲ್ಲಿ ಕಾರ್ಡ್ ರದ್ದತಿ ಗಲಾಟೆ ಆದಾಗ ಸರ್ಕಾರ ಹಿಂದೆ ಸರಿದು ಬೇರೆಯವ್ರ ಕಾರ್ಡ್ ವಾಪಸ್ ಕೊಡ್ತೀವಿ ಅಂದಾಗಲೂ ನೌಕರರನ್ನ, ತೆರಿಗೆ ಕಟ್ಟೋರನ್ನ ಮಾತ್ರ ಬಿಡ್ಲಿಲ್ಲ.

ಆದ್ರೆ ಒಂದು ಮಾತು ಹೇಳ್ಲೇಬೇಕು. ಎಲ್ರೂ "1400 ತಾನೆ, 13,500 ಬರ್ತಿಲ್ವಾ, ಹೋದ್ರೆ ಹೋಗ್ಲಿ" ಅಂತಾರೆ. ನಮ್ಮ ಮನೇಲೂ ಹಂಗೇ ಅಂದ್ರು. ಸಂಬಳ ಬಂದಿದ್ದು ನಮ್ಮೆಜಮಾನ್ರ ಖಾತೆಗೆ, ನಿಂತಿದ್ದು ನನ್ನ ಖಾತೆಗೆ ಬರ್ತಿದ್ದ ದುಡ್ಡು. ಒಳ್ಳೆಯವ್ರೇ, ಕೇಳಿದ್ರೆ ಇಲ್ಲ ಅನ್ನಲ್ಲ. ಆದ್ರೆ ಕೇಳ್ಬೇಕಲ್ಲ! ಮುಂಚೆ ನನ್ನ ಫೋನ್ ರೀಚಾರ್ಜಿಗೆ, ಅಣ್ಣನ ಮಗಳ ಹುಟ್ಟುಹಬ್ಬಕ್ಕೆ ಒಂದು ಲಂಗ ಕೊಡಿಸೋಕೆ ಯಾರ ಮುಖವೂ ನೋಡ್ತಿರ್ಲಿಲ್ಲ. ಗಂಡನಿಗೆ ಕೆಲ್ಸ ಸಿಕ್ತು ಅಂತ ನನಗೆ ಕಣ್ಣು ಬಂತಾ? ಓದಿ ಹೇಳೋರಿಗೆ, ಆಟೋಗೆ, ಜೊತೆಗೆ ಬರೋರಿಗೆ ಆಗೋ ಖರ್ಚು ಕಮ್ಮಿ ಆಯ್ತಾ? ವೈಕಲ್ಯದ ಖರ್ಚು ಮನೆಯ ಆದಾಯ ಜಾಸ್ತಿ ಆಯ್ತು ಅಂತ ಇಳಿಯಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಓದಿಸ್ಕೊಂಡು ಕೇಳಿದೀನಿ. ಸಾಮಾಜಿಕ ಭದ್ರತೆ ಯೋಜನೆಗಳಲ್ಲಿ ಅಂಗವಿಕಲರಿಗೆ ಕೊಡೋ ಮೊತ್ತ ಬೇರೆಯವ್ರಿಗೆ ಅಂಥದ್ದೇ ಯೋಜನೆಯಲ್ಲಿ ಕೊಡೋದಕ್ಕಿಂತ ಕನಿಷ್ಠ ಶೇಕಡಾ 25 ಹೆಚ್ಚಿರಬೇಕು ಅಂತ ಅದ್ರಲ್ಲಿದೆ. ಆದ್ರೆ ಅದೇ ಸೆಕ್ಷನ್ನಲ್ಲಿ ಪಿಂಚಣಿಗೆ ಆದಾಯ ಮಿತಿ ಇಡೋ ಅಧಿಕಾರವನ್ನೂ ಸರ್ಕಾರಕ್ಕೇ ಕೊಟ್ಟವ್ರೆ. ಆ ಮಿತಿಯನ್ನ 32,000ದಲ್ಲಿ ಇಟ್ರೆ ಗಂಡ ಹೆಂಡ್ತಿ ಇಬ್ರೂ ದುಡೀದೆ ಕೂತ್ಕೊಂಡ್ರೆ ಮಾತ್ರ ಪಿಂಚಣಿ ಅಂತ ಆಯ್ತು. ಕೂಲಿ ಮಾಡೋರ ಮನೆಯಲ್ಲೂ ವರ್ಷಕ್ಕೆ ಅದಕ್ಕಿಂತ ಜಾಸ್ತಿ ಬರುತ್ತೆ, ಆದಾಯ ಪ್ರಮಾಣಪತ್ರದಲ್ಲಿ ಏನು ಬರೀತಾರೆ ಅನ್ನೋದು ಎಲ್ರಿಗೂ ಗೊತ್ತು. ಸುಳ್ಳು ಬರೆಸ್ಕೊಳ್ಳೋ ಹಂಗೆ ಮಾಡಿಟ್ಟು ಆಮೇಲೆ ಸುಳ್ಳು ಹೇಳಿದ್ರಿ ಅಂತ ಹಿಡಿಯೋದು. ಸಂಘಟನೆಗಳು ಮೊತ್ತ ಏರಿಸಿ ಅಂತ ಧರಣಿ ಕೂರ್ತಾವೆ, ನನ್ನ ಕೇಳಿದ್ರೆ ಮೊದಲು ಈ ಮಿತಿ ಏರಿಸಿ ಅಂತ ಕೂರ್ಬೇಕು.

ಗಾಲಿಕುರ್ಚಿ ಅಣ್ಣ, ನಿಮ್ಮ ಪ್ರಶ್ನೆಗೆ ನನ್ನ ಸಲಹೆ ಒಂದೇ. ಪಿಂಚಣಿ ನಿಲ್ಲೋದಾದ್ರೆ ತಿಂಗಳಿಗೆ ಇಷ್ಟು ಅಂತ ನಿಮ್ಮ ಖಾತೆಗೆ ಬೀಳೋ ಹಂಗೆ ಮನೆಯವ್ರ ಜೊತೆ ಮೊದಲೇ ಮಾತಾಡಿ. ಬೇಜಾರು ಮಾಡ್ಕೊಳ್ಳೋ ವಿಷ್ಯ ಅಲ್ಲ.

ತೋಟದಮನೆ_ಗಾಲಿಕುರ್ಚಿ

ಎಲ್ರಿಗೂ ಥ್ಯಾಂಕ್ಸ್. 32,000 ಅಂತ ಗೊತ್ತೇ ಇರ್ಲಿಲ್ಲ, ಅರ್ಜಿ ಹಾಕ್ದಾಗ ಎಲ್ಲಾ ನಮ್ಮ ಮಾವನೇ ಓಡಾಡಿದ್ದು. ಬಿಳಿಕೋಲು ಅಕ್ಕ ನೀವು ಹೇಳಿದ್ದು ನನಗೆ ಬಾಯಲ್ಲಿ ಹೇಳೋಕೆ ಬರ್ದೇ ಇದ್ದ ಮಾತು, ನಾನು 1400ಗೆ ಯಾಕೆ ಇಷ್ಟು ಒದ್ದಾಡ್ತೀನಿ ಅಂತ ಇವ್ಳಿಗೂ ಅರ್ಥ ಆಗ್ತಿರ್ಲಿಲ್ಲ, ನಿಮ್ಮದನ್ನ ಓದಿ ತೋರಿಸ್ದೆ.

ಇನ್ನೆರಡು ಕೇಳ್ತೀನಿ. ಇಎಸ್‌ಐ ಅಂತಾರಲ್ಲ ಅದ್ರಲ್ಲಿ ನನಗೂ ಚಿಕಿತ್ಸೆ ಸಿಗುತ್ತಾ ಅಥವಾ ಕೆಲ್ಸ ಮಾಡೋ ಅವ್ಳಿಗೆ ಮಾತ್ರನಾ? ನಾನು ಮುಂಚಿನಿಂದ ಹಿಂಗೇ ಇರೋನು, ಹಳೇ ಕಾಯಿಲೆಗೆ ಕೊಡಲ್ಲ ಅಂದ್ರೆ? ಇನ್ನೊಂದು, ನಮ್ಮ ಭಾವ ಹೇಳ್ತಾನೆ ರೇಷನ್ ಕಾರ್ಡಿಂದ ಅವ್ಳ ಹೆಸ್ರು ತೆಗೆಸಿ ಅವ್ಳ ಅಪ್ಪನ ಮನೆ ಕಾರ್ಡಿಗೆ ಸೇರಿಸಿದ್ರೆ ನಂದು ಅಮ್ಮಂದು ಬಿಪಿಎಲ್ ಹಂಗೇ ಇರುತ್ತೆ ಅಂತ. ಇದು ನಡೆಯುತ್ತಾ?

ಲೆಕ್ಕದ_ಮೇಷ್ಟ್ರು

ಎಷ್ಟೋ ವರ್ಷದಿಂದ ಫ್ಯಾಕ್ಟರಿಗಳ ಸಂಬಳದ ಲೆಕ್ಕ ಬರೀತಿದೀನಿ, ಇಎಸ್‌ಐ ಭಾಗ ನಾನು ಹೇಳ್ತೀನಿ.

ಸಿಗುತ್ತೆ. ಇಎಸ್‌ಐನಲ್ಲಿ ಕುಟುಂಬ ಅಂದ್ರೆ ಅದ್ರಲ್ಲಿ ಗಂಡ ಅಥವಾ ಹೆಂಡ್ತಿ ಬರ್ತಾರೆ, ನಿಮ್ಮನ್ನ ಸೇರಿಸ್ಬೇಕು. ಹಳೇ ಕಾಯಿಲೆ ಹೊಸ ಕಾಯಿಲೆ ಅನ್ನೋ ಲೆಕ್ಕ ಖಾಸಗಿ ಇನ್ಶೂರೆನ್ಸ್ ಕಂಪನಿಗಳದ್ದು, ಇಎಸ್‌ಐನಲ್ಲಿ ಅದಿಲ್ಲ. ಕೆಲ್ಸಕ್ಕೆ ಸೇರಿ ನೋಂದಣಿ ಆದ ದಿನದಿಂದಲೇ ಡಿಸ್ಪೆನ್ಸರಿಗೆ ಹೋಗ್ಬಹುದು. ದೊಡ್ಡ ಸೂಪರ್ ಸ್ಪೆಷಾಲಿಟಿ ಚಿಕಿತ್ಸೆಗೆ ಮಾತ್ರ ಒಂದಿಷ್ಟು ತಿಂಗಳು ವಂತಿಗೆ ಕಟ್ಟಿರ್ಬೇಕು. ಸಂಬಳದಿಂದ ಹಿಡಿಯೋದು ಶೇಕಡಾ 0.75, 13,500ಕ್ಕೆ ನೂರು ರೂಪಾಯಿ ಚಿಲ್ಲರೆ. ಮಾಲೀಕ ಹಾಕೋದು ಶೇಕಡಾ 3.25. ಆ ನೂರು ರೂಪಾಯಿ ಉಳಿಸೋಕೆ ಸಂಬಳ ಕೈಗೆ ಕೊಡಿ ಅಂತ ಕೇಳಿ ಅಂದ್ರಲ್ಲ ಮೇಲೆ ಒಬ್ರು, ಅದಕ್ಕಿಂತ ಕೆಟ್ಟ ಸಲಹೆ ಇಲ್ಲ. ಕಾರ್ಡ್ ಹೋದ್ರೂ ಆಸ್ಪತ್ರೆ ಖರ್ಚಿಗೆ ನಿಮ್ಮ ಮನೆಗೆ ಉಳಿಯೋ ದೊಡ್ಡ ಆಸರೆ ಅದೇ.

ಪಿಎಫ್ ಕೂಡ ಹಂಗೇ. ಜನ ಅದನ್ನ ಬರೀ ಉಳಿತಾಯ ಅನ್ಕೊಂಡಿದಾರೆ. ಪಿಎಫ್ ಇದ್ರೆ ಅದರ ಜೊತೆಗೆ ಇಡಿಎಲ್ಐ ಅಂತ ಜೀವವಿಮೆ ತಾನೇ ತಾನಾಗಿ ಬರುತ್ತೆ, ಕೆಲ್ಸದಲ್ಲಿ ಇರೋವಾಗ ಹೆಚ್ಚುಕಮ್ಮಿ ಆದ್ರೆ ಮನೆಯವ್ರಿಗೆ ಗರಿಷ್ಠ 7 ಲಕ್ಷದ ತನಕ. 1995ರ ಪಿಂಚಣಿ ಯೋಜನೆಯಲ್ಲಿ ಗಂಡನಿಗೂ ಕುಟುಂಬ ಪಿಂಚಣಿ ಇದೆ. ಅಶುಭ ಮಾತಾಡ್ತೀನಿ ಅನ್ಕೋಬೇಡಿ, ದುಡಿಯೋರು ಒಬ್ರೇ ಇರೋ ಮನೆಯಲ್ಲಿ ಮೊದಲು ನೋಡ್ಬೇಕಾದ್ದೇ ಇದು. ಸೇರೋ ದಿನ ನಾಮಿನಿ ಕಾಲಮ್ಮಲ್ಲಿ ಹೆಸ್ರು ಹಾಕಿಸ್ಬಿಡಿ, "ಆಮೇಲೆ ಮಾಡೋಣ" ಅಂತ ಬಿಟ್ಟವ್ರ ಮನೆಯವ್ರು ಎಷ್ಟು ಅಲೀತಾರೆ ಅಂತ ನೋಡಿದೀನಿ.

ಒಂದು ಗುಂಡಿ ಇದೆ ಹುಷಾರು. ಇಎಸ್‌ಐ ಇರೋದು ತಿಂಗಳ ಸಂಬಳ 21,000 ತನಕ ಮಾತ್ರ. ಕೆಲ್ಸ ಮಾಡೋರೇ ಅಂಗವಿಕಲರಾದ್ರೆ 25,000, ಆದ್ರೆ ಇಲ್ಲಿ ಕೆಲ್ಸ ಮಾಡೋದು ನಿಮ್ಮ ಮನೆಯವ್ರು, ಅದಕ್ಕೆ 21,000 ಮಿತಿನೇ ಲೆಕ್ಕ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಅಂತ ಎರಡು ಅವಧಿ, ಮಧ್ಯದಲ್ಲಿ ಸಂಬಳ ಏರಿದ್ರೆ ಆ ಅವಧಿ ಮುಗಿಯೋ ತನಕ ಇಎಸ್‌ಐ ನಡೆಯುತ್ತೆ, ಆಮೇಲೆ ನಿಲ್ಲುತ್ತೆ. ಮುಂದೆ ಸೂಪರ್‌ವೈಸರ್ ಆಗಿ 21,500 ಆದ್ರೆ ಆಗ ಬಿಪಿಎಲ್ಲೂ ಇಲ್ಲ, ಇಎಸ್‌ಐಯೂ ಇಲ್ಲ ಅನ್ನೋ ಜಾಗಕ್ಕೆ ಬಂದು ನಿಲ್ತೀರಿ. ಆ ಹೊತ್ತಿಗೆ ಕಂಪನಿ ಗ್ರೂಪ್ ಇನ್ಶೂರೆನ್ಸ್ ಕೊಡುತ್ತಾ, ಅದ್ರಲ್ಲಿ ಗಂಡನನ್ನ ಸೇರಿಸ್ತಾರಾ, ಮೊದಲಿನಿಂದ ಇರೋ ತೊಂದರೆಗೆ ಅನ್ವಯ ಆಗುತ್ತಾ ಅಂತ ಕೇಳಿಯೇ ಬಡ್ತಿಗೆ ಸಹಿ ಹಾಕ್ಲಿ.

ಇದನ್ನ ಓದ್ತಿರೋರಲ್ಲಿ ಸಂಬಳ ಜಾಸ್ತಿ ಇರೋರು ಯಾರಾದ್ರೂ ಇದ್ರೆ: ಅವಲಂಬಿತ ಗಂಡ ಅಥವಾ ಹೆಂಡ್ತಿ ಅಂಗವಿಕಲರಾಗಿದ್ರೆ ಆದಾಯ ತೆರಿಗೆಯಲ್ಲಿ 75,000 ಕಡಿತ ಇದೆ, ವೈಕಲ್ಯ ಶೇಕಡಾ 80 ಅಥವಾ ಜಾಸ್ತಿ ಇದ್ರೆ 1,25,000. ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. 13,500 ಸಂಬಳಕ್ಕೆ ಇದರ ಅಗತ್ಯ ಇಲ್ಲ.

ಸುಮ್ನಿರಿ_ಸ್ವಾಮಿ

ಮೇಷ್ಟ್ರೇ ಕೈಗೆ ಸಂಬಳ ಅಂದಿದ್ದು ಬಿಟ್ಬಿಡಿ, ಇಎಸ್‌ಐನಲ್ಲಿ ಗಂಡನಿಗೂ ಸಿಗುತ್ತೆ ಅಂದ್ರೆ ಸರಿ ತಗೊಳ್ಲಿ. ಆದ್ರೆ ಕಾರ್ಡ್ ಬೇರೆ ಮಾಡ್ಸೋದ್ರಲ್ಲಿ ಏನು ತಪ್ಪು? ನಮ್ಮೂರಲ್ಲಿ ಅಪ್ಪ ಮಕ್ಳು ಒಂದೇ ಮನೇಲಿದ್ದು ಮೂರು ಕಾರ್ಡ್ ಇಟ್ಕೊಂಡವ್ರೆ. ಸರ್ಕಾರ 32,000 ಅಂತ ಹುಚ್ಚು ಮಿತಿ ಇಟ್ರೆ ಬಡವ್ರು ಇನ್ನೇನು ಮಾಡ್ಬೇಕು. ಕಾನೂನು ಎಲ್ಲಾ ಕೈಲಾಗದೋರಿಗೇನಾ?

ವಿಆರ್‌ಡಬ್ಲ್ಯೂ_ಅಕ್ಕ

ಸ್ವಾಮಿ ನಿಮ್ಮ ಸಿಟ್ಟು ನ್ಯಾಯವಾಗಿದೆ, ದಾರಿ ಸರಿಯಿಲ್ಲ. ಅಪ್ಪ ಮಗ ಬೇರೆ ಒಲೆ ಹಚ್ಚಿದಾರೆ ಅಂತ ತೋರಿಸೋದು ಬೇರೆ, ಒಟ್ಟಿಗೆ ಬಾಳೋ ಗಂಡ ಹೆಂಡ್ತಿಯನ್ನ ಕಾಗದದಲ್ಲಿ ಬೇರೆ ಮಾಡೋದು ಬೇರೆ. ಅವ್ರ ಹೆಸ್ರು ಅಪ್ಪನ ಮನೆ ಕಾರ್ಡಿಗೆ ಹೋದ್ರೆ ಅಲ್ಲಿ ಯಜಮಾನಿ ಅವ್ರ ಅಮ್ಮ. ಅವ್ರ ಹೆಸರಿಗೆ ಬರ್ತಿದ್ದ ಗೃಹಲಕ್ಷ್ಮಿ ಅಲ್ಲೇ ಹೋಯ್ತು, ಉಳಿಸೋಕೆ ಹೋಗಿದ್ದು 1400, ಕಳ್ಕೊಂಡಿದ್ದು 2000. ಅದರ ಮೇಲೆ ಇಎಸ್‌ಐನಲ್ಲಿ ಇವ್ರು ನನ್ನ ಗಂಡ, ನನ್ನ ಜೊತೆಗೇ ಇರೋರು ಅಂತ ಬರ್ಕೊಡ್ಬೇಕು, ರೇಷನ್ ಕಾರ್ಡಲ್ಲಿ ಇಲ್ಲ ಅಂತ ಬರೆಸ್ಬೇಕು. ಎರಡೂ ಸರ್ಕಾರಿ ದಾಖಲೆನೇ.

ಮಾಡ್ಬೇಕಾದ್ದು ಇದು. ಮೊದಲ ಸಂಬಳ ಬಂದ್ಮೇಲೆ ಒಂದು ಬಿಳಿ ಹಾಳೆಯಲ್ಲಿ ಪಿಂಚಣಿ ಆದೇಶದ ನಂಬರು, ಮನೆಯವ್ರಿಗೆ ಯಾವ ತಾರೀಖಿನಿಂದ ಕೆಲ್ಸ, ಸಂಬಳ ಎಷ್ಟು ಅಂತ ಬರೆದು ನಾಡಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಸ್ವೀಕೃತಿ ಇಲ್ದೇ ಬರಬೇಡಿ, ಕೊಡಲ್ಲ ಅಂದ್ರೆ ರಿಜಿಸ್ಟರ್ಡ್ ಪೋಸ್ಟ್ ಹಾಕಿ. ಆಮೇಲೆ ಅವ್ರು ಪರಿಶೀಲನೆ ಮಾಡಿ ನಿಲ್ಲಿಸೋ ತನಕ ದುಡ್ಡು ಬಂದ್ರೂ "ಮುಚ್ಚಿಟ್ರಿ" ಅಂತ ನಿಮ್ಮ ಮೇಲೆ ಹೇಳೋ ಹಾಗಿಲ್ಲ. ಆದ್ರೆ ಆ ದುಡ್ಡನ್ನ ಖರ್ಚು ಮಾಡ್ಬೇಡಿ, ಖಾತೆಯಲ್ಲೇ ಇರ್ಲಿ, ವಾಪಸ್ ಕೇಳಿದ್ರೆ ಕೈಯಲ್ಲಿರ್ಬೇಕು.

ಇನ್ನೊಂದು ಮುಖ್ಯ. ಗಾರ್ಮೆಂಟ್ಸ್ ಕೆಲ್ಸ ಯಾವಾಗ ಬಿಡಿಸ್ತಾರೋ ಗೊತ್ತಾಗಲ್ಲ. ಕೆಲ್ಸ ಹೋದ್ರೆ ಪಿಂಚಣಿ ತಾನೇ ತಾನಾಗಿ ವಾಪಸ್ ಶುರು ಆಗಲ್ಲ. ಹೊಸ ಆದಾಯ ಪ್ರಮಾಣಪತ್ರ ಮಾಡಿಸಿ ಮತ್ತೆ ಅರ್ಜಿ ಹಾಕ್ಬೇಕು, ಮಧ್ಯದ ತಿಂಗಳುಗಳದ್ದು ಕಟ್ಟಿಕೊಡ್ತಾರೆ ಅಂತ ನಂಬ್ಕೋಬೇಡಿ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ ಇರೋದ್ರಿಂದ ಸಂಬಳ ತೋರಿಸಿದ್ದೇ ದಾಖಲೆಯಲ್ಲಿ ಕೂತಿರುತ್ತೆ, ಅದಕ್ಕೇ ಕೆಲ್ಸ ಬಿಟ್ಟಾಗ ಕಂಪನಿಯಿಂದ ರಿಲೀವಿಂಗ್ ಲೆಟರ್ ಅಂತ ಒಂದು ಚೀಟಿ ಇಸ್ಕೊಳ್ಳೋದನ್ನ ಮರೀಬಾರ್ದು. ಅದಿಲ್ದೇ "ಕೆಲ್ಸ ಇಲ್ಲ" ಅಂತ ಸಾಬೀತು ಮಾಡೋದು ಕೆಲ್ಸ ಹುಡುಕೋದಕ್ಕಿಂತ ಕಷ್ಟ. ಪಿಂಚಣಿ ತಪ್ಪಾಗಿ ನಿಂತಿದೆ ಅನ್ಸಿದ್ರೆ ಕಾರಣ ಲಿಖಿತವಾಗಿ ಕೇಳಿ, ಪಿಂಚಣಿ ಅದಾಲತ್ ನಡೆಯೋ ದಿನ ಕಾಗದ ಎಲ್ಲಾ ಹಿಡ್ಕೊಂಡು ಹೋಗಿ.

ಮನೆಯೊಳಗಿನ_ದನಿ

ಎಲ್ರೂ ರೂಪಾಯಿ ಲೆಕ್ಕ ಹೇಳಿದ್ರಿ, ಆ ಹೆಣ್ಮಗಳು ಎಂಟು ಗಂಟೆ ಹೊರಗಿದ್ರೆ ಮನೇಲಿ ಇವ್ರನ್ನ ಯಾರು ನೋಡ್ಕೋತಾರೆ ಅಂತ ಯಾರೂ ಕೇಳ್ಲಿಲ್ವಲ್ಲ. ನಮ್ಮನೆಯವ್ರಿಗೂ ಬೆನ್ನುಹುರಿ ಪೆಟ್ಟು. ನಾನೂ ಕೆಲ್ಸಕ್ಕೆ ಹೋಗ್ತೀನಿ. ಅದಕ್ಕೇ ಹೇಳ್ತಿರೋದು.

ಪಿಂಚಣಿ ಹೋದ್ರೆ 1400 ಹೋಗುತ್ತೆ. ಸರಿಯಾಗಿ ವ್ಯವಸ್ಥೆ ಮಾಡ್ದೇ ಕೆಲ್ಸಕ್ಕೆ ಹೋದ್ರೆ ಒಂದು ಬೆಡ್‌ಸೋರ್ ಅವ್ರ ವರ್ಷದ ಸಂಬಳವನ್ನೇ ನುಂಗುತ್ತೆ. ಹಾಸಿಗೆಯಲ್ಲಿದ್ರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸ್ಬೇಕು, ಕುರ್ಚಿಯಲ್ಲಿ ಕೂತಿದ್ರೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿ ಸೊಂಟ ಎತ್ಬೇಕು ಇಲ್ಲಾ ಮುಂದಕ್ಕೆ ಬಾಗ್ಬೇಕು. ಅಣ್ಣ ನಿಮ್ಮ ಕೈ ಚೆನ್ನಾಗಿದ್ರೆ ಇದನ್ನ ನೀವೇ ಮಾಡ್ಕೋಬಹುದು, ಫೋನಲ್ಲಿ ಅಲಾರಾಂ ಇಟ್ಕೊಳ್ಳಿ. ಮೂತ್ರದ್ದೂ ಅಷ್ಟೇ, ಹೆಂಡ್ತಿಯೇ ಕ್ಯಾಥೆಟರ್ (ಮೂತ್ರ ತೆಗೆಯೋ ಕೊಳವೆ) ಹಾಕ್ಬೇಕು ಅಂತ ಕಾಯ್ತಾ ಕೂತ್ರೆ ಅವ್ರು ಕೆಲ್ಸಕ್ಕೆ ಹೋಗೋಕಾಗಲ್ಲ. ನಾಲ್ಕರಿಂದ ಆರು ಗಂಟೆಗೊಮ್ಮೆ ತಾನೇ ಹಾಕ್ಕೊಳ್ಳೋದನ್ನ ಕಲಿಯೋಕಾಗುತ್ತೆ, ನಮ್ಮನೆಯವ್ರು ಕಲಿತ್ರು. ನಿಮ್ಮ ಡಾಕ್ಟರ್ ಹತ್ರ ಕೇಳಿ, ಬೆಂಗಳೂರಲ್ಲಿ ಎಪಿಡಿ ಸಂಸ್ಥೆಯವ್ರು ಬೆನ್ನುಹುರಿ ಪೆಟ್ಟಾದವ್ರಿಗೆ ಇಂಥ ತರಬೇತಿ ಕೊಡ್ತಾರೆ.

ಆಮೇಲೆ ಅಮ್ಮ ಇದಾರೆ ಅಂದ್ರಲ್ಲ. ವಯಸ್ಸಾದ ಅತ್ತೆ ಮೇಲೆ ಎತ್ತೋ ಇಳಿಸೋ ಕೆಲ್ಸ ಹಾಕ್ಬೇಡಿ, ಇಬ್ರೂ ಬೀಳ್ತೀರಿ. ಹಾಸಿಗೆಯಿಂದ ಕುರ್ಚಿಗೆ ಜಾರೋಕೆ ನಯವಾದ ಒಂದು ಹಲಗೆ ಮಾಡಿಸ್ಕೊಳ್ಳಿ, ನಿಮ್ಮೂರ ಬಡಗಿ ಮಾಡ್ತಾನೆ. ಅವ್ರು ಶಿಫ್ಟ್ ಕೇಳೋವಾಗ ಜನರಲ್ ಶಿಫ್ಟೇ ಕೇಳ್ಲಿ, ಓವರ್‌ಟೈಮಿಗೆ ಮೊದಲ ತಿಂಗಳೇ ಒಪ್ಕೋಬಾರ್ದು. ಬಸ್ಸಿಗೆ ಶಕ್ತಿ ಯೋಜನೆ ಇದೆ, ಓಡಾಟದ ಖರ್ಚು ಉಳಿಯುತ್ತೆ, ಆ ದುಡ್ಡಲ್ಲಿ ಮಧ್ಯಾಹ್ನ ಒಂದ್ಸಲ ಬಂದು ನೋಡ್ಕೊಂಡು ಹೋಗೋಕೆ ಪಕ್ಕದಮನೆ ಹುಡುಗನಿಗೆ ಏನಾದ್ರೂ ಕೊಡಿ, ಪುಕ್ಕಟೆ ಮಾಡಿಸ್ಕೋಬೇಡಿ, ಪುಕ್ಕಟೆ ಅಂದ್ರೆ ಎರಡನೇ ವಾರಕ್ಕೆ ಬರಲ್ಲ.

ಬಿಳಿಕೋಲು ಅಕ್ಕ ಹೇಳಿದ್ದಕ್ಕೂ ಒಂದು ಮಾತು. ನಾನು ದುಡಿಯೋಳಾಗಿ ಹೇಳ್ತೀನಿ, ನಮ್ಮನೆಯವ್ರು ದುಡ್ಡು ಕೇಳೋವಾಗ ತಲೆ ತಗ್ಗಿಸ್ತಾರೆ ಅಂತ ನನಗೆ ತುಂಬಾ ದಿನ ಗೊತ್ತೇ ಆಗಿರ್ಲಿಲ್ಲ. ಈಗ ಸಂಬಳ ಬಂದ ದಿನವೇ ಅವ್ರ ಖಾತೆಗೆ ಹಾಕ್ತೀನಿ, ಮನೆ ಸಾಮಾನು, ಕರೆಂಟ್ ಬಿಲ್ಲು ಅವ್ರೇ ನೋಡ್ಕೋತಾರೆ. ನನಗೂ ಅಷ್ಟು ತಲೆನೋವು ಕಮ್ಮಿ.

ತೋಟದಮನೆ_ಗಾಲಿಕುರ್ಚಿ

ಇಬ್ರೂ ಕೂತ್ಕೊಂಡು ಎಲ್ಲಾ ಓದಿದ್ವಿ. ಸೋಮವಾರ ಸೇರೋದು ಅಂತ ತೀರ್ಮಾನ. ಕಾರ್ಡ್ ಬೇರೆ ಮಾಡೋ ಕೆಲ್ಸಕ್ಕೆ ಹೋಗಲ್ಲ, ಭಾವನಿಗೆ ಹೇಳ್ದೆ, ಮುಖ ಊದಿಸ್ಕೊಂಡ. ನಾಡಕಚೇರಿಗೆ ಅರ್ಜಿ ಮೊದಲ ಸಂಬಳ ಆದ್ಮೇಲೆ ಕೊಡ್ತೀವಿ. ಕ್ಯಾಥೆಟರ್ ನಾನೇ ಹಾಕ್ಕೊಳ್ಳೋದು ಆಗುತ್ತೆ ಅಂತ ಇಲ್ಲಿ ತನಕ ಯಾರೂ ಹೇಳಿರ್ಲಿಲ್ಲ.

ಕೊನೇದಾಗಿ ಒಂದೇ ಒಂದು, ಮೇಷ್ಟ್ರೇ, ಇಎಸ್‌ಐಗೆ ನನ್ನ ಹೆಸ್ರು ಸೇರಿಸೋಕೆ ಸೋಮವಾರ ಅವ್ಳು ಏನೇನು ತಗೊಂಡ್ಹೋಗ್ಬೇಕು?

ಲೆಕ್ಕದ_ಮೇಷ್ಟ್ರು

ಅವ್ರ ಆಧಾರು, ಬ್ಯಾಂಕ್ ಪಾಸ್‌ಬುಕ್, ನಿಮ್ಮ ಆಧಾರು, ಇಬ್ರೂ ಇರೋ ಒಂದು ಫೋಟೋ, ಮಕ್ಕಳು ಇದ್ರೆ, ಅಮ್ಮ ಅವ್ರ ಆಶ್ರಯದಲ್ಲಿದ್ರೆ ಅವ್ರನ್ನೂ ಸೇರಿಸೋಕಾಗುತ್ತಾ ಅಂತ ಕೇಳ್ಲಿ. ಎರಡು ಆಧಾರಲ್ಲೂ ಹೆಸರಿನ ಕಾಗುಣಿತ, ಹುಟ್ಟಿದ ತಾರೀಖು ಸರಿ ಇದೆಯಾ ಅಂತ ಇವತ್ತೇ ನೋಡ್ಕೊಳ್ಳಿ. ಎಚ್‌ಆರ್‌ನವ್ರು "ಕುಟುಂಬದ ವಿವರ ಆಮೇಲೆ ಹಾಕ್ತೀವಿ" ಅಂದ್ರೆ ಒಪ್ಕೋಬೇಡಿ, ಸೇರೋವಾಗಲೇ ಹಾಕಿಸಿ. ನೋಂದಣಿ ಆದ್ಮೇಲೆ ಇ-ಪೆಹಚಾನ್ ಅಂತ ಇಎಸ್‌ಐ ಗುರುತಿನ ಚೀಟಿಯ ಒಂದು ಪ್ರಿಂಟ್ ಕೊಡ್ತಾರೆ, ಅದ್ರಲ್ಲಿ ನಿಮ್ಮ ಹೆಸ್ರು ಇದೆಯಾ, ಡಿಸ್ಪೆನ್ಸರಿ ನಿಮ್ಮ ಮನೆಗೆ ಹತ್ತಿರದ್ದು ಹಾಕವ್ರಾ ಅಂತ ನೋಡಿ. ಫ್ಯಾಕ್ಟರಿ ಪಕ್ಕದ್ದು ಹಾಕಿದ್ರೆ ಕುರ್ಚಿಯಲ್ಲಿ ನೀವು ಅಷ್ಟು ದೂರ ಹೋಗೋಕಾಗಲ್ಲ, ಬದಲಾಯಿಸೋಕೆ ಬರುತ್ತೆ, ಆದ್ರೆ ಮೊದಲೇ ಹೇಳಿದ್ರೆ ಸುಲಭ.